‘ಮೆನ್ ಇನ್ ಬ್ಲ್ಯಾಕ್’ ಎರಡನೇ ಭಾಗ: ಕೂರುವ ಮೊದಲು ಮಾಡಿಕೊಳ್ಳಬೇಕಾದ್ದು, ಕೂತ ಮೇಲೆ ಗಮನಿಸಬೇಕಾದ್ದು

ಅನ್ಯಗ್ರಹದವರು ಭೂಮಿಯಲ್ಲಿ ನಮ್ಮ ನಡುವೆಯೇ ವೇಷ ಮರೆಸಿಕೊಂಡು ಬದುಕುತ್ತಿದ್ದಾರೆ, ಅವರ ಮೇಲೆ ಕಣ್ಣಿಡಲು ಕಪ್ಪು ಸೂಟಿನ ಗುಪ್ತದಳವೊಂದಿದೆ ಎಂಬ ಕಥೆಯ ಎರಡನೇ ಸಿನಿಮಾ ಅಮೆರಿಕದಲ್ಲಿ ತೆರೆಕಂಡದ್ದು 2002ರ ಜುಲೈ 3ರಂದು. ನಿರ್ದೇಶಕ ಬ್ಯಾರಿ ಸೊನೆನ್‌ಫೆಲ್ಡ್. ಏಜೆಂಟ್ ಜೆ ಆಗಿ ವಿಲ್ ಸ್ಮಿತ್, ಏಜೆಂಟ್ ಕೆ ಆಗಿ ಟಾಮಿ ಲೀ ಜೋನ್ಸ್. ಇಡೀ ಸಿನಿಮಾ ಇರುವುದೇ 88 ನಿಮಿಷ. ಅಷ್ಟು ಚಿಕ್ಕದಾದ್ದರಿಂದ ಇದು ಹಳೆಯ ಕಥೆಯನ್ನು ಮತ್ತೆ ಬಿಡಿಸಿ ಹೇಳುತ್ತಾ ಕೂರುವುದಿಲ್ಲ. ಮೊದಲ ಭಾಗ ನೋಡಿ ಹತ್ತು ವರ್ಷವಾದವರು ನೇರವಾಗಿ ಇದಕ್ಕೆ ಕೂತರೆ, ಸ್ವಲ್ಪ ಹೊತ್ತಿಗೇ ‘ಈ ಯಪ್ಪ ಅಂಚೆ ಕಚೇರಿಯಲ್ಲಿ ಯಾಕಿದ್ದಾನೆ?’ ಎಂದು ಪಕ್ಕದವರನ್ನು ಕೇಳಲು ಶುರುಮಾಡುತ್ತಾರೆ. ಉತ್ತರ ಸಿಗುವಷ್ಟರಲ್ಲಿ ಎರಡು ಜೋಕು ಕೈತಪ್ಪಿರುತ್ತವೆ.

ಕಥೆಯೇ ಮರೆವಿನದು. ಜಗತ್ತನ್ನು ಉಳಿಸುವ ಗುಟ್ಟು ಗೊತ್ತಿರುವವನಿಗೇ ಆ ಗುಟ್ಟು ನೆನಪಿಲ್ಲ. ಆದ್ದರಿಂದ ನೋಡುವವರ ನೆನಪು ಗಟ್ಟಿಯಾಗಿದ್ದಷ್ಟೂ ಇದು ಸೊಗಸಾಗಿ ಓಡುತ್ತದೆ. ಮೊದಲು ಮಾಡಬೇಕಾದ ತಯಾರಿ ಅದೇ.

ಮೊದಲ ಭಾಗ: ಪೂರ್ತಿ ನೋಡುವುದೋ, ತುಂಡು ನೋಡುವುದೋ

ಪೂರ್ತಿ ನೋಡುವುದೇ ಒಳ್ಳೆಯದು. 1997ರ ಮೊದಲ ಚಿತ್ರ 98 ನಿಮಿಷ. ಎರಡೂ ಸೇರಿದರೆ ಮೂರು ಗಂಟೆ ಆರು ನಿಮಿಷ, ಅಂದರೆ ಒಂದು ಉದ್ದನೆಯ ಭಾರತೀಯ ಸಿನಿಮಾದಷ್ಟೇ. ಸಂಜೆ ಆರಕ್ಕೆ ಶುರುಮಾಡಿದರೆ 7.38ಕ್ಕೆ ಮೊದಲನೆಯದು ಮುಗಿಯುತ್ತದೆ. ಊಟಕ್ಕೆ ಮುಕ್ಕಾಲು ಗಂಟೆ ಬಿಡಿ. 8.25ಕ್ಕೆ ಎರಡನೆಯದು ಹಚ್ಚಿದರೆ ಹತ್ತರೊಳಗೆ ಎಲ್ಲರೂ ಹಾಸಿಗೆ ಸೇರಬಹುದು. ಊಟವನ್ನು ಎರಡು ಸಿನಿಮಾಗಳ ನಡುವೆಯೇ ಮುಗಿಸಿಕೊಳ್ಳಿ. ತಟ್ಟೆ ಹಿಡಿದು ಟಿವಿ ಮುಂದೆ ಕೂರಬೇಡಿ. ಎರಡನೇ ಭಾಗದ ಆರಂಭದಲ್ಲೇ ಅನ್ಯಗ್ರಹದ ಖಳನಾಯಕಿ ಸೆಂಟ್ರಲ್ ಪಾರ್ಕಿನಲ್ಲಿ ಒಬ್ಬ ಮನುಷ್ಯನನ್ನು ಇಡಿಯಾಗಿ ನುಂಗುತ್ತಾಳೆ, ಹೊಟ್ಟೆ ಮಡಕೆಯಂತೆ ಉಬ್ಬುತ್ತದೆ. ಲೋಳೆ, ಅಂಟು, ಹುಳ ಇಡೀ ಸಿನಿಮಾದಲ್ಲಿ ಧಾರಾಳ.

ಅಷ್ಟು ಸಮಯವಿಲ್ಲವೆಂದರೆ ಮೊದಲ ಭಾಗದ ಈ ತುಂಡುಗಳನ್ನಾದರೂ ನೋಡಿ. ಒಂದು, ಮೆಕ್ಸಿಕೊ ಗಡಿಯಲ್ಲಿ ನಡೆಯುವ ಆರಂಭದ ದೃಶ್ಯ. ಅದರ ಕೊನೆಯಲ್ಲಿ ಕೆ ತನ್ನ ವಯಸ್ಸಾದ ಜೊತೆಗಾರನ ನೆನಪನ್ನು ಅಳಿಸಿ ಅವನನ್ನು ಕೆಲಸದಿಂದ ಬಿಡುಗಡೆ ಮಾಡುತ್ತಾನೆ. ಮುಂದೆ ಕೆಗೂ ಇದೇ ಆಗುತ್ತದೆ ಎಂಬ ಸುಳಿವು ಅಲ್ಲೇ ಇದೆ. ಎರಡು, ಜೀಬ್ಸ್ ಎಂಬವನ ಗಿರವಿ ಅಂಗಡಿ. ತಲೆ ಹಾರಿಸಿದರೂ ಮತ್ತೆ ಮೊಳೆಯುವ ಆ ಪ್ರಾಣಿ ಎರಡನೇ ಭಾಗದಲ್ಲಿ ತುಂಬ ಬೇಕಾದವನು. ಮೂರು, ಫ್ರ್ಯಾಂಕ್ ಎಂಬ ಪಗ್ ನಾಯಿ ಮಾತನಾಡುವ ದೃಶ್ಯ. ನಾಲ್ಕು, ಕೊನೆಯ ಹತ್ತು ನಿಮಿಷ. ಅಲ್ಲಿ ಜೆ ಭಾರವಾದ ಮನಸ್ಸಿನಿಂದ ಕೆಯ ನೆನಪನ್ನು ಅಳಿಸುತ್ತಾನೆ. ಹೆಸರುಗಳ ಪಟ್ಟಿ ಬರುವ ಮುನ್ನ ಕ್ಯಾಮೆರಾ ಮೇಲೇರುತ್ತಾ ಹೋಗುವ ಒಂದು ಶಾಟ್ ಇದೆ, ಅದನ್ನು ಬಿಡಲೇಬೇಡಿ. ಎರಡನೇ ಭಾಗದ ಕೊನೆ ಅದಕ್ಕೆ ನೇರವಾಗಿ ಕೂಡಿಕೊಳ್ಳುತ್ತದೆ.

ಮೊದಲ ಭಾಗದ ಕೊನೆಯಲ್ಲಿ ಏಜೆಂಟ್ ಎಲ್ ಎಂಬ ಹೆಂಗಸು ಜೆಗೆ ಜೊತೆಗಾರ್ತಿಯಾಗಿ ಸೇರುತ್ತಾಳೆ. ಎರಡನೆಯದರಲ್ಲಿ ಅವಳಿಲ್ಲ. ಅವಳಿಗಾಗಿ ಕಾಯಬೇಡಿ. ಜೆಗೆ ಯಾವ ಜೊತೆಗಾರರೂ ನಿಲ್ಲುತ್ತಿಲ್ಲ ಎಂಬುದೇ ಈ ಕಥೆಯ ಆರಂಭದ ಸ್ಥಿತಿ, ಅಷ್ಟು ತಿಳಿದಿದ್ದರೆ ಸಾಕು.

ಇಂಗ್ಲಿಷ್ ಬಾರದ ಹಿರಿಯರು ಜೊತೆಗಿದ್ದರೆ

ನಡುನಡುವೆ ನಿಲ್ಲಿಸಿ ಅನುವಾದ ಮಾಡುವುದು ಹಾಸ್ಯಚಿತ್ರಕ್ಕೆ ಹಾಳು. ಶುರುವಾಗುವ ಮುನ್ನವೇ ಐದಾರು ಮಾತಿನಲ್ಲಿ ಹೇಳಿಬಿಡಿ. ಹೀಗೆ:

“ಅಜ್ಜಿ, ಈ ಕಪ್ಪು ಕೋಟಿನವರು ಗುಟ್ಟಿನ ಪೊಲೀಸರು. ಬೇರೆ ಲೋಕದಿಂದ ಬಂದೋರು ನಮ್ಮ ಥರಾನೇ ವೇಷ ಹಾಕ್ಕೊಂಡು ಊರಲ್ಲಿದ್ದಾರೆ, ಅವರನ್ನ ಇವರು ಕಾಯ್ತಾರೆ. ಕೈಯಲ್ಲಿರೋ ಕಡ್ಡಿ ಮಿಂಚಿದ್ರೆ ಎದುರಿಗಿದ್ದೋರಿಗೆ ನೋಡಿದ್ದೆಲ್ಲ ಮರೆತುಹೋಗುತ್ತೆ. ಕಪ್ಪು ಕನ್ನಡಕ ಹಾಕ್ಕೊಂಡಿದ್ರೆ ಮರೆವು ತಟ್ಟಲ್ಲ. ಈ ವಯಸ್ಸಾದೋರಿಗೆ ಹಿಂದಿನ ಸಿನಿಮಾ ಕೊನೇಲಿ ಅದೇ ಕಡ್ಡಿ ಮಿಂಚಿಸಿ ಮನೆಗೆ ಕಳಿಸಿದ್ರು. ಈಗ ಅವರಿಗೊಬ್ಬರಿಗೇ ಗೊತ್ತಿದ್ದ ಒಂದು ವಿಷಯ ಬೇಕಾಗಿದೆ, ಅವರಿಗೇ ಜ್ಞಾಪಕ ಇಲ್ಲ.”

ಇಷ್ಟು ಹೇಳಿದರೆ ಉಳಿದದ್ದನ್ನು ಅಜ್ಜಿ ಕಣ್ಣಲ್ಲೇ ಹಿಡಿದುಕೊಳ್ಳುತ್ತಾರೆ. ಅರ್ಧಕ್ಕರ್ಧ ಹಾಸ್ಯ ಇರುವುದು ಮುಖ, ವೇಷ, ಓಟಗಳಲ್ಲಿ. ಡಬ್ ಆದ ಧ್ವನಿ ಸಿಕ್ಕರೂ ಒಂದು ಸಲವಾದರೂ ಮೂಲ ಧ್ವನಿಯಲ್ಲಿ ನೋಡಿ. ಟಾಮಿ ಲೀ ಜೋನ್ಸ್ ಎಂಥ ವಿಚಿತ್ರ ಎದುರಿಗಿದ್ದರೂ ರೇಷನ್ ಕಾರ್ಡ್ ಪರಿಶೀಲಿಸುವ ಗುಮಾಸ್ತನ ದನಿಯಲ್ಲಿ ಮಾತಾಡುತ್ತಾರೆ. ವಿಲ್ ಸ್ಮಿತ್ ಅದರ ಮೇಲೆ ಪಟಪಟನೆ ಸಿಡಿಯುತ್ತಾರೆ. ಆ ಎರಡು ದನಿಗಳ ಅಂತರವೇ ನಗು. ಡಬ್ಬಿಂಗ್‌ನಲ್ಲಿ ಎರಡೂ ಒಂದೇ ಮಟ್ಟಕ್ಕೆ ಬಂದರೆ ದೃಶ್ಯ ಸಪ್ಪೆಯಾಗುತ್ತದೆ.

ಮಕ್ಕಳ ವಿಷಯ: ಅಮೆರಿಕದಲ್ಲಿ ಇದಕ್ಕೆ ಕೊಟ್ಟ ದರ್ಜೆ ಪಿಜಿ-13, ಅಂದರೆ ಹದಿಮೂರಕ್ಕಿಂತ ಚಿಕ್ಕವರ ವಿಷಯದಲ್ಲಿ ಹೆತ್ತವರು ಎಚ್ಚರ ವಹಿಸಬೇಕು. ಖಳನಾಯಕಿ ಸರ್ಲೀನಾ ಭೂಮಿಗೆ ಬಂದು ತಾಳುವ ರೂಪ ಒಳಉಡುಪಿನ ಜಾಹೀರಾತಿನ ಮಾಡೆಲ್‌ನದು. ದೊಡ್ಡವರ ಜೋಕುಗಳೂ ಅಲ್ಲಲ್ಲಿ ಇವೆ. ಹತ್ತು ವರ್ಷ ದಾಟಿದ ಮಕ್ಕಳ ಜೊತೆ ನೋಡಬಹುದು. ಅದಕ್ಕಿಂತ ಚಿಕ್ಕವರು ಜೋಕಿಗಿಂತ ಹೆಚ್ಚಾಗಿ ನುಂಗುವ ದೃಶ್ಯಕ್ಕೆ ಹೆದರುತ್ತಾರೆ.

ಸರಿಯಾದ ಪ್ರತಿ ಹುಡುಕುವುದು

ಓಟಿಟಿಯಲ್ಲಿ ಹುಡುಕುವಾಗ ಒಂದು ತೊಡಕಿದೆ. ಈ ಸಿನಿಮಾದ ಹೆಸರಿನಲ್ಲಿ ಎರಡು ಎಂಬುದನ್ನು ರೋಮನ್ ಅಂಕಿಯಲ್ಲಿ, ಅಂದರೆ ಎರಡು ‘ಐ’ ಅಕ್ಷರಗಳಲ್ಲಿ ಬರೆಯುತ್ತಾರೆ. ಮೂರನೆಯದಕ್ಕೆ ಮಾತ್ರ ಮಾಮೂಲಿ 3. ಅಂಕಿ ಹಾಕಿ ಹುಡುಕಿ ಸಿಗದಿದ್ದರೆ ಹೆಸರಷ್ಟನ್ನೇ ಹಾಕಿ, ಇಸವಿ ನೋಡಿ ಆರಿಸಿಕೊಳ್ಳಿ: 1997, 2002, 2012, 2019. ಹಕ್ಕುಗಳು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ಮನೆಯವರನ್ನೆಲ್ಲ ಕೂರಿಸಿದ ಮೇಲೆ ಹುಡುಕುವ ಬದಲು ಅದೇ ದಿನ ಬೆಳಿಗ್ಗೆ ಒಂದು ನಿಮಿಷ ಓಡಿಸಿ ನೋಡಿ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡುವವರಿಗೆ ಲೆಕ್ಕ: ಎಚ್‌ಡಿ ಗುಣಮಟ್ಟಕ್ಕೆ ಗಂಟೆಗೆ ಹೆಚ್ಚೂಕಡಿಮೆ 3 ಜಿಬಿ ಹಿಡಿದರೆ ಈ ಒಂದು ಸಿನಿಮಾಕ್ಕೇ ಸುಮಾರು 4.4 ಜಿಬಿ, ಎರಡಕ್ಕೂ ಸೇರಿ 9 ಜಿಬಿ ದಾಟುತ್ತದೆ. ದಿನಕ್ಕೆ 2 ಜಿಬಿ ಪ್ಲ್ಯಾನ್ ಇದ್ದರೆ ಅರ್ಧದಲ್ಲೇ ಚಿತ್ರ ಮಸುಕಾಗಿ ನಿಲ್ಲುತ್ತದೆ. ವೈಫೈ ಇರುವ ಕಡೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಡಿವಿಡಿ ಇದ್ದರೆ ಹಿಂಬದಿ ನೋಡಿ. ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತದೆ ಎಂದು ಹೇಳುವ ರೀಜನ್ ಅಂಕಿ ಅಲ್ಲಿರುತ್ತದೆ. ಭಾರತದ ರೀಜನ್ 5, ಅಮೆರಿಕದ್ದು 1. ಅಮೆರಿಕದಿಂದ ನೆಂಟರು ತಂದುಕೊಟ್ಟ ಡಿಸ್ಕ್ ಇಲ್ಲಿನ ಪ್ಲೇಯರ್‌ನಲ್ಲಿ ಓಡದೇ ಹೋಗುವುದು ಇದರಿಂದಲೇ. ಇನ್ನೊಂದು: ಪಾಲ್ ಎಂಬ ಟಿವಿ ಪದ್ಧತಿಗೆ ಮಾಡಿದ ಡಿಸ್ಕ್‌ನಲ್ಲಿ ಸಿನಿಮಾ ಸೆಕೆಂಡಿಗೆ 24ರ ಬದಲು 25 ಚೌಕಟ್ಟಿನ ವೇಗದಲ್ಲಿ ಓಡುವುದರಿಂದ 88 ನಿಮಿಷದ್ದು ಎಂಬತ್ತನಾಲ್ಕೂವರೆಯಲ್ಲಿ ಮುಗಿಯುತ್ತದೆ. ಏನೂ ಕತ್ತರಿಸಿಲ್ಲ, ಗಾಬರಿ ಬೇಡ.

ಟಿವಿಯನ್ನು ಹದಕ್ಕೆ ತರುವುದು

ಇಲ್ಲಿ ಹತ್ತು ನಿಮಿಷ ಕೊಟ್ಟರೆ ಸಿನಿಮಾ ಬೇರೆಯೇ ಆಗಿ ಕಾಣುತ್ತದೆ. ಕ್ರಮ ಹೀಗಿರಲಿ:

1. ಪಿಕ್ಚರ್ ಮೋಡ್ ಅನ್ನು ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ಗೆ ಹಾಕಿ. ‘ವಿವಿಡ್’ ಬೇಡ.
2. ಚಲನೆಯನ್ನು ನುಣುಪು ಮಾಡುವ ಸೌಲಭ್ಯವನ್ನು ಆಫ್ ಮಾಡಿ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲ್ಯಾರಿಟಿ.
3. ಚಿತ್ರದ ಅಳತೆ 16:9, ಜೊತೆಗೆ ‘ಜಸ್ಟ್ ಸ್ಕ್ಯಾನ್’ ಅಥವಾ ‘ಫಿಟ್ ಟು ಸ್ಕ್ರೀನ್’. ‘ಝೂಮ್’ ಬೇಡ.
4. ವಿದ್ಯುತ್ ಉಳಿತಾಯದ ಮೋಡ್ ಆಫ್ ಮಾಡಿ. ಅದು ಪರದೆಯ ಬೆಳಕನ್ನು ತಾನೇ ತಗ್ಗಿಸುತ್ತದೆ.
5. ಎದುರುಗಡೆಯ ಟ್ಯೂಬ್‌ಲೈಟ್ ಆರಿಸಿ. ಟಿವಿಯ ಹಿಂದೆ ಒಂದು ಚಿಕ್ಕ ಬಲ್ಬ್ ಇದ್ದರೆ ಕಣ್ಣಿಗೆ ಹಿತ.

ಎರಡನೆಯ ಹೆಜ್ಜೆಯನ್ನು ಯಾಕೆ ಒತ್ತಿ ಹೇಳಬೇಕೆಂದರೆ, ಸಿನಿಮಾ ಚಿತ್ರಿಸಿರುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ಟಿವಿ ಅವುಗಳ ನಡುವೆ ತಾನೇ ಊಹಿಸಿದ ಚೌಕಟ್ಟುಗಳನ್ನು ತುರುಕುತ್ತದೆ. ಆಗ ಎಲ್ಲವೂ ಮಧ್ಯಾಹ್ನದ ಧಾರಾವಾಹಿಯಂತೆ ಕಾಣುತ್ತದೆ. ಬೇರೆ ಸಿನಿಮಾದಲ್ಲಿ ಅದು ಬರೀ ಕಿರಿಕಿರಿ, ಇಲ್ಲಿ ನಷ್ಟ. ಮೇಕಪ್ ಕಲಾವಿದ ರಿಕ್ ಬೇಕರ್ ತಂಡ ಕೈಯಿಂದ ಮಾಡಿದ ರಬ್ಬರ್ ಮುಖಗಳೂ ಕಂಪ್ಯೂಟರ್‌ನಲ್ಲಿ ಮಾಡಿದ ಜೀವಿಗಳೂ ಒಂದೇ ಚೌಕಟ್ಟಿನಲ್ಲಿ ಬೆರೆತು ನಿಲ್ಲಲು ಫಿಲ್ಮಿನ ಆ ಮಸುಕು ಬೇಕು. ಅದನ್ನು ತೆಗೆದರೆ ಬೆಸುಗೆಗಳೆಲ್ಲ ಬಿಟ್ಟುಕೊಳ್ಳುತ್ತವೆ. ಪೂರ್ತಿ ಆಫ್ ಮಾಡಿದಾಗ ಕ್ಯಾಮೆರಾ ಅಡ್ಡ ತಿರುಗುವಾಗ ಚಿತ್ರ ತಡವರಿಸಿದಂತೆ ಅನ್ನಿಸಿದರೆ ‘ಕಸ್ಟಮ್’ಗೆ ಹೋಗಿ ಒಂದು ಅಥವಾ ಎರಡಕ್ಕೆ ಇಡಿ, ಅದಕ್ಕಿಂತ ಮೇಲೆ ಬೇಡ.

ಕಪ್ಪಿನ ಮಟ್ಟ ಸರಿಯಿದೆಯೇ ಎಂದು ನೋಡಲು ಈ ಸಿನಿಮಾದಲ್ಲೇ ಒಳ್ಳೆಯ ಒರೆಗಲ್ಲಿದೆ: ಆ ಸೂಟು. ಜೆ ಹತ್ತಿರದಿಂದ ಕಾಣುವ ಯಾವುದಾದರೂ ದೃಶ್ಯದಲ್ಲಿ ನಿಲ್ಲಿಸಿ. ಕೋಟಿನ ಕಾಲರಿನ ಅಂಚು, ಕಪ್ಪು ಟೈಯ ಗಂಟಿನ ಸುಕ್ಕು, ತೋಳು ಮೈಗೆ ಸೇರುವಲ್ಲಿನ ಹೊಲಿಗೆ, ಈ ಮೂರೂ ಬಿಡಿಬಿಡಿಯಾಗಿ ಕಾಣಬೇಕು. ಎಲ್ಲ ಸೇರಿ ಮಸಿ ಚೆಲ್ಲಿದಂತಿದ್ದರೆ ‘ಬ್ರೈಟ್‌ನೆಸ್’ ಅಥವಾ ‘ಬ್ಲ್ಯಾಕ್ ಲೆವೆಲ್’ ಎರಡು ಮೂರು ಅಂಕ ಏರಿಸಿ. ಸೂಟು ಬೂದಿ ಬಣ್ಣಕ್ಕೆ ತಿರುಗಿದರೆ ಅಷ್ಟೇ ಇಳಿಸಿ. ಸುರಂಗ ರೈಲಿನಲ್ಲಿ ಜೆಫ್ ಎಂಬ ದೈತ್ಯ ಹುಳ ಬರುವ ಆರಂಭದ ದೃಶ್ಯದಲ್ಲಿ ಹುಳದ ಮೈಯ ಮಡಿಕೆಗಳು ಕಂಡರೆ ಹದ ಬಂದಿದೆ ಎಂದರ್ಥ.

ಚಿತ್ರದ ಅನುಪಾತ 1.85:1. ನಮ್ಮ ಟಿವಿಗಳದು 1.78:1. ಹಾಗಾಗಿ ಮೇಲೆ ಕೆಳಗೆ ಕಡ್ಡಿಯಷ್ಟು ತೆಳುವಾದ ಕಪ್ಪು ಪಟ್ಟಿ ಬರುವುದು ಸಹಜ. ಅದನ್ನು ಹೋಗಲಾಡಿಸಲು ಝೂಮ್ ಮಾಡಿದರೆ ಅಕ್ಕಪಕ್ಕದ ಅಂಚು ಕತ್ತರಿಸಿಹೋಗುತ್ತದೆ. ಈ ಸರಣಿಯಲ್ಲಿ ಅಂಚಿನಲ್ಲೇ ಅರ್ಧ ಮಜಾ ಇರುವುದು.

ಧ್ವನಿಯಲ್ಲಿ ಬರುವ ಮಾಮೂಲಿ ದೂರು: ಗುಂಡಿನ ಸದ್ದು ಗೋಡೆ ನಡುಗಿಸುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ಆರು ಸ್ಪೀಕರ್‌ಗಳಿಗೆ ಹಂಚಿದ 5.1 ಧ್ವನಿಯಲ್ಲಿ ಮಾತುಗಳು ನಡುವಿನ ಸ್ಪೀಕರ್‌ಗೆ ಮೀಸಲು. ಟಿವಿಯಲ್ಲಿ ಆ ಸ್ಪೀಕರೇ ಇಲ್ಲದಿದ್ದರೆ ಮಾತು ತಗ್ಗುತ್ತದೆ. ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ ಸ್ಟೀರಿಯೊ ಇದ್ದರೆ ಅದನ್ನು ಆರಿಸಿ, ಇಲ್ಲವೇ ಟಿವಿಯಲ್ಲಿ ‘ಕ್ಲಿಯರ್ ವಾಯ್ಸ್’ ಅಥವಾ ‘ನೈಟ್ ಮೋಡ್’ ಹಾಕಿ. ಯಾರೋ ನಡುವೆ ‘ಈಗ ಅವನು ಬಾಗಿಲು ತೆರೆಯುತ್ತಾನೆ’ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರೆ ನೀವು ದೃಷ್ಟಿ ಇಲ್ಲದವರಿಗಾಗಿ ಮಾಡಿದ ಆಡಿಯೊ ಡಿಸ್ಕ್ರಿಪ್ಷನ್ ಒತ್ತಿದ್ದೀರಿ, ಬದಲಿಸಿ. ಇಂಗ್ಲಿಷ್ ಸಬ್‌ಟೈಟಲ್ ಮೊದಲ ಸಲ ಇರಲಿ, ಏಕೆಂದರೆ ಇಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುತ್ತಾರೆ. ಎರಡನೇ ಸಲ ತೆಗೆದುಬಿಡಿ. ಜೋಕನ್ನು ಕಿವಿಗಿಂತ ಮೊದಲು ಕಣ್ಣು ಓದಿ ಮುಗಿಸಿದರೆ ನಗು ಅರ್ಧಕ್ಕೆ ಇಳಿಯುತ್ತದೆ. ತಿನ್ನಲು ಚುರುಮುರಿ ಇರಲಿ. ಕೋಡುಬಳೆ ಕಡಿಯುವ ಸದ್ದಿಗೆ ಕೆಯ ತಗ್ಗಿದ ದನಿ ಮುಚ್ಚಿಹೋಗುತ್ತದೆ.

ನೋಡುವಾಗ ಕಣ್ಣು ಎಲ್ಲಿರಬೇಕು

ಮೊಟ್ಟಮೊದಲಿಗೆ ಬರುವುದು ಹಳೆಯ ಕಾಲದ ಅಗ್ಗದ ಟಿವಿ ಕಾರ್ಯಕ್ರಮವೊಂದರ ತುಣುಕು. ನಿರೂಪಕ ಪೀಟರ್ ಗ್ರೇವ್ಸ್. ಆಟಿಕೆಯಂಥ ನೌಕೆಗಳು, ಒರಟು ಸೆಟ್. ಪ್ರಿಂಟ್ ಕೆಟ್ಟಿದೆ ಎಂದುಕೊಂಡು ಮುಂದಕ್ಕೆ ಓಡಿಸುವವರು ಬಹಳ. ಓಡಿಸಬೇಡಿ. ಬೇಕೆಂದೇ ಹಾಗೆ ಮಾಡಿದ್ದು. ಕಾಲು ಶತಮಾನದ ಹಿಂದೆ ಝಾರ್ತಾ ಎಂಬ ಲೋಕದವರು ತಮ್ಮ ಅಮೂಲ್ಯವಾದ ‘ಬೆಳಕನ್ನು’ ಭೂಮಿಯಲ್ಲಿ ಬಚ್ಚಿಡಲು ಬಂದದ್ದು, ಸರ್ಲೀನಾ ಅದರ ಬೆನ್ನುಹತ್ತಿದ್ದು, ಎಲ್ಲವೂ ಆ ಕೆಲವೇ ನಿಮಿಷಗಳಲ್ಲಿದೆ. ಮುಂದೆ ಒಂದು ವಿಡಿಯೊ ಅಂಗಡಿಯಲ್ಲಿ ಇದೇ ಕಾರ್ಯಕ್ರಮ ಮತ್ತೆ ಎದುರಾಗುತ್ತದೆ.

ನೆನಪು ಅಳಿಸಿಹೋದ ಕೆ ಈಗ ಕೆಲಸ ಮಾಡುತ್ತಿರುವ, ಮ್ಯಾಸಚೂಸೆಟ್ಸ್‌ನ ಟ್ರೂರೊ ಎಂಬ ಊರಿನ ಅಂಚೆ ಕಚೇರಿಯ ದೃಶ್ಯದಲ್ಲಿ ಕೆಯ ಮುಖ ಬಿಟ್ಟು ಸುತ್ತಲಿನ ಸಿಬ್ಬಂದಿಯನ್ನು ನೋಡಿ. ಅಲ್ಲಿ ಬಾಯಲ್ಲೇ ತಾಳ ಹಾಕುವವನು ನಿಜವಾದ ರ‍್ಯಾಪ್ ಕಲಾವಿದ ಬಿಜ್ ಮಾರ್ಕಿ. ಜೆ ಅವನೊಂದಿಗೆ ಅದೇ ತಾಳದಲ್ಲಿ ಮಾತಾಡುತ್ತಾನೆ. ಭಾಷೆ ಗೊತ್ತಿಲ್ಲದವರೂ ಎಲ್ಲರೊಂದಿಗೆ ಒಟ್ಟಿಗೆ ನಗುವ ಜಾಗ ಅದು.

ಫ್ರ್ಯಾಂಕ್ ಈ ಭಾಗದಲ್ಲಿ ಸೂಟು ಹಾಕಿ ಏಜೆಂಟ್ ಆಗಿದ್ದಾನೆ. ನಾಯಿಯ ಹೆಸರು ಮುಷು, ದನಿ ಟಿಮ್ ಬ್ಲೇನಿಯವರದು. ಮಾತಿಲ್ಲದ ಕ್ಷಣಗಳಲ್ಲಿ ನಾಯಿಯನ್ನು ಗಮನಿಸಿ. ಕಿವಿ ತಿರುಗಿಸುವುದು, ಉಸಿರು ಬಿಡುವುದು, ಎಲ್ಲವೂ ಅಪ್ಪಟ ನಾಯಿಯದೇ.

ಕೆಗೆ ನೆನಪು ಮರಳಿಸುವ ಯಂತ್ರ ಜೀಬ್ಸ್‌ನ ನೆಲಮಾಳಿಗೆಯಲ್ಲಿ ಓಡುತ್ತದೆ. ಕೆಲಸಕ್ಕೆ ಬೇಕಾದ ಒಂದು ಸಂಗತಿ ಮಾತ್ರ ಅವನಿಗೆ ಹೊಳೆಯುವುದೇ ಇಲ್ಲ, ಏಕೆಂದರೆ ಅದನ್ನು ಅವನೇ ಹಿಂದೆಯೇ ಅಳಿಸಿಕೊಂಡಿದ್ದ. ಹಾಗಾಗಿ ತನಗೆ ತಾನೇ ಬಿಟ್ಟುಹೋದ ಗುರುತುಗಳ ಬೆನ್ನು ಹಿಡಿಯುತ್ತಾನೆ. ಸರಪಳಿ ಹೀಗಿದೆ: ಪಿಜ್ಜಾ ಅಂಗಡಿಯ ಗೋಡೆಯ ಫೋಟೊ, ಅಲ್ಲಿಂದ ಒಂದು ಕೀಲಿಕೈ, ಅದರಿಂದ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಸಿ-18 ಲಾಕರ್, ಅಲ್ಲಿಂದ ವಿಡಿಯೊ ಅಂಗಡಿ. ಇದನ್ನು ತಲೆಯಲ್ಲಿಟ್ಟುಕೊಂಡರೆ ನಡುಭಾಗ ಗೊಂದಲವಾಗುವುದಿಲ್ಲ. ಪಿಜ್ಜಾ ಅಂಗಡಿಯ ಹುಡುಗಿ ಲಾರಾ ಬೇಸರಗೊಂಡಾಗ ಆಕಾಶ ಹೇಗಿರುತ್ತದೆ ಎಂದು ನೋಡುತ್ತಿರಿ, ಹೆಚ್ಚು ಹೇಳುವುದಿಲ್ಲ.

ಇಡೀ ಸಿನಿಮಾದ ತಿರುಳು ಆ ಲಾಕರ್ ದೃಶ್ಯದಲ್ಲಿದೆ. ಬಾಗಿಲು ತೆರೆದರೆ ಒಳಗೆ ಬೆರಳುದ್ದದ ಜೀವಿಗಳ ಇಡೀ ಊರು. ಕೆ ಅಲ್ಲಿ ಬಿಟ್ಟುಹೋದ ಕೈಗಡಿಯಾರವೇ ಅವರ ಊರಿನ ಗಡಿಯಾರ ಗೋಪುರ. ಕೆಯನ್ನು ಕಂಡೊಡನೆ ಜಯಘೋಷ. ಗಡಿಯಾರವನ್ನು ಎತ್ತಿಕೊಂಡಾಗ ಹಾಹಾಕಾರ. ಆಗ ಜೆ ತನ್ನ ಕೈಗಡಿಯಾರ ಬಿಚ್ಚಿ ಅಲ್ಲಿಡುತ್ತಾನೆ. ಇಲ್ಲಿ ರಿಮೋಟ್ ಒತ್ತಿ ನಿಲ್ಲಿಸಿ, ಊರಿನ ಬೀದಿಗಳನ್ನು ನೋಡಿ. ನಮ್ಮ ಪಾಲಿಗೆ ಒಂದು ಕಪಾಟು, ಅವರ ಪಾಲಿಗೆ ಬ್ರಹ್ಮಾಂಡ. ಮೊದಲ ಭಾಗದಲ್ಲಿ ಬೆಕ್ಕಿನ ಕೊರಳಪಟ್ಟಿಯ ಗುಂಡಿನಲ್ಲಿ ಒಂದು ಗ್ಯಾಲಕ್ಸಿ ಇತ್ತು, ಅದರ ಕೊನೆಯ ಶಾಟ್‌ನಲ್ಲಿ ನಮ್ಮದೇ ಗ್ಯಾಲಕ್ಸಿ ಏನಾಯಿತೆಂದು ನೆನಪಿಸಿಕೊಳ್ಳಿ. ಆ ಎಳೆ ಇಲ್ಲಿ ಮುಂದುವರಿದಿದೆ. ಎರಡೂ ಚಿತ್ರಗಳನ್ನು ಒಂದೇ ಸಂಜೆ ನೋಡಲು ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಬೇಗ ಕಂಡು ಮರೆಯಾಗುವ ಮುಖಗಳೂ ಇವೆ. ಗುಪ್ತದಳಕ್ಕೆ ಸೇರಿಸಿಕೊಳ್ಳಿ ಎಂದು ಪರದೆಯ ಮೇಲಿಂದ ಗೋಗರೆಯುವವರು ಮೈಕೆಲ್ ಜಾಕ್ಸನ್. ಮನೆಯೊಂದಕ್ಕೆ ನುಗ್ಗಿ ಗೋಡೆಯ ಹಿಂದಿನ ಆಯುಧಗಳನ್ನು ತೆಗೆಯುವಾಗ ಬೆಪ್ಪಾಗಿ ನೋಡುವ ಮನೆಯೊಡೆಯ ಸ್ವತಃ ನಿರ್ದೇಶಕ ಸೊನೆನ್‌ಫೆಲ್ಡ್.

ಕೊನೆಯ ಹೊಡೆದಾಟ ಮೊದಲು ಯೋಜಿಸಿದ್ದು ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ. 2001ರ ಸೆಪ್ಟೆಂಬರ್ 11ರ ನಂತರ ಅದನ್ನು ಬದಲಿಸಿ ಲಿಬರ್ಟಿ ಪ್ರತಿಮೆಯ ಕಡೆಗೆ ಒಯ್ದರು. ಪ್ರತಿಮೆಯ ಕೈಯ ಪಂಜಿನ ಮೇಲೆ ಕಣ್ಣಿರಲಿ. ನಿಜವಾದ ಪಂಜಿಗೆ 1916ರಿಂದ ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂಬುದು ಗೊತ್ತಿದ್ದರೆ ಆ ದೃಶ್ಯ ಇನ್ನಷ್ಟು ರುಚಿಸುತ್ತದೆ. ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಪ್ರತಿಮೆ ತೋರಿಸಲು ಮ್ಯಾನ್‌ಹಟನ್‌ನ ಬ್ಯಾಟರಿಯಿಂದ ದೋಣಿ ಹತ್ತಿಸುವಾಗ ಒಂದು ಸಣ್ಣ ಸುತ್ತು ಹಾಕಬಹುದು. ಸಿನಿಮಾದಲ್ಲಿ ಗುಪ್ತದಳದ ಕಚೇರಿಯ ಹೊರಭಾಗವಾಗಿ ಕಾಣುವ ಕಟ್ಟಡ ಅಲ್ಲೇ ಹತ್ತಿರದಲ್ಲಿದೆ. ಅದು ನದಿಯಡಿಯ ರಸ್ತೆ ಸುರಂಗಕ್ಕೆ ಗಾಳಿ ಹಾಯಿಸುವ ಕಟ್ಟಡ. ಒಳಗೆ ಬಿಡುವುದಿಲ್ಲ, ಹೊರಗಿನಿಂದ ಫೋಟೊ ತೆಗೆದುಕೊಳ್ಳಬಹುದು.

ಮುಂದಕ್ಕೆ ಹೋಗುವವರಿಗೆ: ಮೂರನೆಯದು 2012ರದು, 106 ನಿಮಿಷ. ಜೆ ಕಾಲದಲ್ಲಿ ಹಿಂದಕ್ಕೆ, 1969ರ ಅಪೊಲೊ 11 ಉಡಾವಣೆಯ ದಿನಗಳಿಗೆ ಹೋಗುತ್ತಾನೆ. ಹರೆಯದ ಕೆಯಾಗಿ ಜಾಶ್ ಬ್ರೋಲಿನ್ ಟಾಮಿ ಲೀ ಜೋನ್ಸರ ದನಿಯನ್ನೇ ಗಂಟಲಿಗಿಳಿಸಿಕೊಂಡಿದ್ದಾರೆ. ಅದನ್ನು ಸವಿಯಲು ಮೂಲ ಕೆಯ ದನಿ ಕಿವಿಯಲ್ಲಿ ಹಸಿಯಾಗಿರಬೇಕು, ಆದ್ದರಿಂದ ಮಾರನೇ ದಿನವೇ ನೋಡಿ. 2019ರದರಲ್ಲಿ ಏಜೆಂಟರೇ ಬೇರೆ, ಅವಸರವಿಲ್ಲ.

ಆದರೆ ಎರಡನೆಯದು ಮುಗಿಯುವಾಗ ರಿಮೋಟಿಗೆ ಕೈ ಹಾಕಬೇಡಿ. ಹೊಡೆದಾಟ ಮುಗಿದು ಎಲ್ಲರೂ ಕಚೇರಿಗೆ ಮರಳಿದ ಮೇಲೆ ಜೆ ಒಂದು ಬಾಗಿಲಿನ ಮುಂದೆ ನಿಲ್ಲುತ್ತಾನೆ. ಓಟಿಟಿ ಆ್ಯಪ್‌ಗಳು ಇಂಥ ಹೊತ್ತಲ್ಲೇ ಚಿತ್ರವನ್ನು ಕುಗ್ಗಿಸಿ ‘ಮುಂದಿನದು’ ಎಂದು ತೋರಿಸುವುದುಂಟು. ಆ ಸ್ವಯಂಚಾಲಿತ ಆಯ್ಕೆಯನ್ನು ಮೊದಲೇ ಆಫ್ ಮಾಡಿಟ್ಟಿರಿ. ಲಾಕರ್‌ನೊಳಗಿನ ಆ ಪುಟ್ಟ ಊರನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ, ಬಾಗಿಲು ತೆರೆಯಲಿ.